ತೆಳುವಾದರೆ ಏರುವುದೋ, ಇಳಿಯುವುದೋ? ಐರನ್ ಸೆಲೆನೈಡ್ ಪದರಗಳ ಅತಿವಾಹಕತೆ

ಪ್ರಶ್ನೆ: ಐರನ್ ಸೆಲೆನೈಡ್ ಮೇಲೆ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡಬೇಕೆಂದಿದ್ದೇನೆ. ದಪ್ಪ ಹರಳಿನಲ್ಲಿ ಇದು 8 ಕೆಲ್ವಿನ್‌ಗೆ ಅತಿವಾಹಕವಾಗುತ್ತದೆ, ಅಂದರೆ ವಿದ್ಯುತ್ತಿಗೆ ರೋಧವೇ ಇಲ್ಲದಂತಾಗುತ್ತದೆ. ತೆಳುವಾದಂತೆ ಆ ಗುಣ ಸಾಯುತ್ತದೆ ಎಂದು ಒಂದು ಕಡೆ ಓದಿದೆ, ಒಂದೇ ಪದರ ಉಳಿದಾಗ 65 ಕೆಲ್ವಿನ್‌ವರೆಗೆ ಏರುತ್ತದೆ ಎಂದು ಇನ್ನೊಂದು ಕಡೆ. ಯಾವುದನ್ನು ನಂಬಲಿ? ನಮ್ಮಲ್ಲಿ ಎಂಬಿಇ (ಅತಿನಿರ್ವಾತದಲ್ಲಿ ಪರಮಾಣುಗಳನ್ನು ಹರಿಸಿ ಪೊರೆ ಬೆಳೆಸುವ) ಯಂತ್ರವಿಲ್ಲ. ಟೇಪಿನಿಂದ ಚಕ್ಕೆ ಎಬ್ಬಿಸಿ ಅಳೆದರೆ ಆದೀತೇ?
— ಒಬ್ಬ ವಿದ್ಯಾರ್ಥಿನಿ, ಬದಿಯಡ್ಕ, ಕಾಸರಗೋಡು ಜಿಲ್ಲೆ

ಉತ್ತರ: ಎರಡನ್ನೂ ನಂಬಿ. ಅವು ಒಂದೇ ಪ್ರಯೋಗದ ಎರಡು ಫಲಿತಾಂಶಗಳಲ್ಲ. ದಪ್ಪ ಕಡಿಮೆ ಮಾಡಿದಾಗ ದಪ್ಪವೊಂದೇ ಬದಲಾಗುವುದಿಲ್ಲ ಎಂಬುದನ್ನು ಮೊದಲು ಮನಸ್ಸಿನಲ್ಲಿಟ್ಟುಕೊಳ್ಳಿ. ಕೆಳಗಿನ ವಸ್ತುವಿನಿಂದ ಬರುವ ವಿದ್ಯುದಂಶ, ಜಾಲಕದ (ಹರಳಿನಲ್ಲಿ ಪರಮಾಣುಗಳ ಜೋಡಣೆಯ) ಹಿಗ್ಗು-ಕುಗ್ಗು, ಗಾಳಿ ತಾಗಿ ಕೆಟ್ಟ ಮೇಲ್ಮೈಯ ಪಾಲು, ಎರಡೇ ಆಯಾಮದಲ್ಲಿ ಎಲೆಕ್ಟ್ರಾನ್ ಜೋಡಿಗಳ ಚಂಚಲತೆ, ಇವೆಲ್ಲ ಜೊತೆಜೊತೆಗೇ ಬದಲಾಗುತ್ತವೆ. ಯಾವುದು ಗೆದ್ದಿತು ಎನ್ನುವುದರ ಮೇಲೆ ಸಂಕ್ರಮಣ ತಾಪ, ಅಂದರೆ ಟಿಸಿ, ಏರುತ್ತದೆ ಅಥವಾ ಇಳಿಯುತ್ತದೆ. ಕೆಳಗೆ ಏನಿದೆ, ಮೇಲೆ ಏನು ಮುಚ್ಚಿದೆ ಎಂದು ಹೇಳದೆ ಬರೀ "ಇಷ್ಟು ದಪ್ಪಕ್ಕೆ ಇಷ್ಟು ಟಿಸಿ" ಎಂದು ಬರೆದ ನಕ್ಷೆಗೆ ಅರ್ಥವಿಲ್ಲ.

ವಸ್ತುವಿನ ಪರಿಚಯ ಚುಟುಕಾಗಿ. 2008ರಲ್ಲಿ ಜಪಾನಿನ ಹೊಸೊನೊ ತಂಡ ಫ್ಲೋರಿನ್ ಸೇರಿಸಿದ ಲ್ಯಾಂಥನಮ್-ಕಬ್ಬಿಣ-ಆರ್ಸೆನಿಕ್ ಆಕ್ಸೈಡಿನಲ್ಲಿ 26 ಕೆಲ್ವಿನ್ ತೋರಿಸಿತು. ಅದೇ ವರ್ಷ ತೈವಾನಿನ ತಂಡವೊಂದು ಐರನ್ ಸೆಲೆನೈಡಿನಲ್ಲಿ 8 ಕೆಲ್ವಿನ್ ಕಂಡಿತು. ಕಬ್ಬಿಣದ ಅತಿವಾಹಕಗಳಲ್ಲೆಲ್ಲ ಇದರ ರಚನೆ ಅತಿ ಸರಳ: ನಡುವೆ ಕಬ್ಬಿಣದ ಚೌಕಜಾಲ, ಮೇಲೂ ಕೆಳಗೂ ಸೆಲೆನಿಯಮ್. ಒಂದು ಪದರದ ಎತ್ತರ ಸುಮಾರು 0.55 ನ್ಯಾನೋಮೀಟರ್, ಸಮತಲದಲ್ಲಿ ಜಾಲಕದ ಅಳತೆ 0.377 ನ್ಯಾನೋಮೀಟರ್. ಪದರಗಳ ನಡುವಿನ ಬಂಧ ದುರ್ಬಲ, ಆದ್ದರಿಂದಲೇ ಟೇಪಿಗೆ ಎದ್ದು ಬರುತ್ತದೆ. ಆರ್ಸೆನಿಕ್ ಇಲ್ಲದಿರುವುದು ವಿದ್ಯಾರ್ಥಿ ಪ್ರಯೋಗಾಲಯಕ್ಕೆ ಇನ್ನೊಂದು ಅನುಕೂಲ. ಹಾಗೆಂದು ಸೆಲೆನಿಯಮ್ ಸಾಧು ಎಂದು ತಿಳಿಯಬೇಡಿ, ಆ ಮಾತು ಮುಂದೆ ಬರುತ್ತದೆ.

ಇಳಿಯುವ ಕಥೆ ಮೊದಲು. ಗ್ರಾಫೀನ್ ಮೇಲೆ ಎಂಬಿಇ ವಿಧಾನದಲ್ಲಿ ಪದರ ಪದರವಾಗಿ ಬೆಳೆಸಿದ ಐರನ್ ಸೆಲೆನೈಡನ್ನು 2011ರಲ್ಲಿ ಚೀನಾದ ತಂಡ ಅಳೆಯಿತು. ಗ್ರಾಫೀನ್ ಈ ಪೊರೆಯನ್ನು ಎಳೆಯುವುದೂ ಇಲ್ಲ, ವಿದ್ಯುದಂಶ ಕೊಡುವುದೂ ಇಲ್ಲವೆನ್ನುವಷ್ಟು ಕಡಿಮೆ. ಹೀಗಾಗಿ ಅಲ್ಲಿ ಕಾಣುವುದು ಬಹುಮಟ್ಟಿಗೆ ಶುದ್ಧ ದಪ್ಪದ ಪರಿಣಾಮ. ದಪ್ಪದ ವಿಲೋಮಕ್ಕೆ ತಕ್ಕಂತೆ ಟಿಸಿ ಇಳಿಯಿತು:

ಟಿಸಿ = ದಪ್ಪ ಹರಳಿನ ಟಿಸಿ × (1 − ಮಿತಿ ದಪ್ಪ ÷ ದಪ್ಪ)

ದಪ್ಪ ಹರಳಿನ ಟಿಸಿಗೆ ಸುಮಾರು 9.3 ಕೆಲ್ವಿನ್ (ಈ ಪೊರೆಗಳ ಅಳತೆಗೆ ಹೊಂದುವ ಸಂಖ್ಯೆ), ಮಿತಿ ದಪ್ಪಕ್ಕೆ ಸುಮಾರು 0.66 ನ್ಯಾನೋಮೀಟರ್ ಇಟ್ಟು ನೋಡಿ. ಎರಡು ಪದರಕ್ಕೆ (1.1 ನ್ಯಾನೋಮೀಟರ್) 3.7 ಕೆಲ್ವಿನ್ ಬರುತ್ತದೆ, ಅಳತೆಯಲ್ಲಿ ಸಿಕ್ಕಿದ್ದೂ ಅಷ್ಟೇ. ಒಂದು ಪದರಕ್ಕೆ ಸೂತ್ರ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಪ್ರಯೋಗದಲ್ಲೂ 2.2 ಕೆಲ್ವಿನ್‌ವರೆಗೆ ತಣಿಸಿದರೂ ಒಂಟಿ ಪದರ ಅತಿವಾಹಕವಾಗಲಿಲ್ಲ. ಎಂಟು ಪದರಕ್ಕೆ (4.4 ನ್ಯಾನೋಮೀಟರ್) ಲೆಕ್ಕ ಹಾಕಿದರೆ 7.9 ಕೆಲ್ವಿನ್, 10 ನ್ಯಾನೋಮೀಟರಿಗೆ 8.7. ಈ ಕೊನೆಯ ಸಂಖ್ಯೆಯನ್ನು ಗುರುತು ಹಾಕಿಟ್ಟುಕೊಳ್ಳಿ. ನಿಮ್ಮ 10 ನ್ಯಾನೋಮೀಟರ್ ಚಕ್ಕೆ 5 ಕೆಲ್ವಿನ್ ತೋರಿಸಿದರೆ "ದಪ್ಪ ಕಡಿಮೆಯಾದ್ದರಿಂದ ಇಳಿಯಿತು" ಎಂದು ಬರೆಯುವಂತಿಲ್ಲ. ಸೂತ್ರದ ಪ್ರಕಾರ 5 ಕೆಲ್ವಿನ್‌ಗೆ ದಪ್ಪ ಒಂದೂವರೆ ನ್ಯಾನೋಮೀಟರಿಗಿಂತ ಕಡಿಮೆ ಇರಬೇಕು. ಉಳಿದ ಇಳಿತಕ್ಕೆ ಕಾರಣ ಬೇರೆ ಕಡೆ ಇದೆ: ಕೆಟ್ಟ ಮೇಲ್ಮೈ, ಅಂಟಿನ ಸೆಳೆತ, ಬಿಸಿ ತಾಗಿದ್ದು, ಕಬ್ಬಿಣದ ಪ್ರಮಾಣ ತಪ್ಪಿದ್ದು. ಟೇಪಿನಿಂದ ಎಬ್ಬಿಸಿದ ಚಕ್ಕೆಗಳಲ್ಲಿ 10 ನ್ಯಾನೋಮೀಟರ್ ಹತ್ತಿರಕ್ಕೆ ಬಂದಾಗಲೇ ಟಿಸಿ ಸ್ಪಷ್ಟವಾಗಿ ಕುಸಿಯುವುದು ಇಂಥ ಕಾರಣಗಳು ಸೇರಿಕೊಳ್ಳುವುದರಿಂದ.

ಇನ್ನು ಏರುವ ಕಥೆ. 2012ರಲ್ಲಿ ಬೀಜಿಂಗಿನ ತ್ಸಿಂಗ್ಹುವಾ ವಿಶ್ವವಿದ್ಯಾಲಯದ ಷುವೆ ಚೀಕುನ್ ತಂಡ ಸ್ಟ್ರಾನ್ಷಿಯಮ್ ಟೈಟನೇಟ್ ಹರಳಿನ ಮೇಲೆ ಒಂದೇ ಪದರ ಬೆಳೆಸಿ, ಸುರಂಗ ಸೂಕ್ಷ್ಮದರ್ಶಕದಲ್ಲಿ ಸುಮಾರು 20 ಮಿಲಿ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ-ಅಂತರ (ಎಲೆಕ್ಟ್ರಾನ್ ಜೋಡಿ ಎಷ್ಟು ಗಟ್ಟಿ ಎಂಬುದರ ಅಳತೆ) ಕಂಡಿತು. ದಪ್ಪ ಹರಳಿನಲ್ಲಿ ಇದು 2ರ ಆಸುಪಾಸು. ಮುಂದಿನ ವರ್ಷ ಫೋಟೋ-ಎಮಿಷನ್ (ಬೆಳಕು ಬಿಟ್ಟು ಎಲೆಕ್ಟ್ರಾನುಗಳನ್ನು ಹೊರಡಿಸಿ ನೋಡುವ) ಅಳತೆಗಳಲ್ಲಿ ಆ ಅಂತರ ಸುಮಾರು 65 ಕೆಲ್ವಿನ್‌ವರೆಗೆ ಉಳಿಯಿತು. ನೀವು ಓದಿದ ಸಂಖ್ಯೆ ಇದೇ. ಆದರೆ ಅದೇ ಹರಳಿನ ಮೇಲೆ ಎರಡನೇ ಪದರ ಬೆಳೆಸಿದರೆ, ಬೇರೇನೂ ಸೇರಿಸದಿದ್ದಾಗ, ಆ ಎರಡನೇ ಪದರದಲ್ಲಿ ಅತಿವಾಹಕತೆ ಕಾಣುವುದಿಲ್ಲ! ಅಂದರೆ ಇಲ್ಲಿ ದಪ್ಪಕ್ಕೂ ಟಿಸಿಗೂ ನಡುವೆ ನುಣುಪಾದ ರೇಖೆಯೇ ಇಲ್ಲ. ಒಂದು ಪದರದಲ್ಲಿ ಶಿಖರ, ಎರಡಕ್ಕೆ ಪ್ರಪಾತ, ಬಹಳ ದಪ್ಪವಾದ ಮೇಲೆ ಮತ್ತೆ 8ರ ಕಡೆಗೆ ಪಯಣ. ನೀರುದೋಸೆ ತೆಳುವಾದಷ್ಟೂ ಹಿಟ್ಟಿಗಿಂತ ಕಾವಲಿಯ ಗುಣವೇ ಎದ್ದು ಕಾಣುವ ಹಾಗೆ, ಒಂಟಿ ಪದರದ ಟಿಸಿಯಲ್ಲಿ ಅರ್ಧಕ್ಕರ್ಧ ಮಾತನಾಡುವುದು ಕೆಳಗಿನ ಟೈಟನೇಟ್.

ಕಾವಲಿ ಕೊಡುವುದು ಏನನ್ನು? ಮೊದಲನೆಯದಾಗಿ ಎಲೆಕ್ಟ್ರಾನುಗಳನ್ನು. ಟೈಟನೇಟಿನ ಆಕ್ಸಿಜನ್ ಖಾಲಿ ಜಾಗಗಳ ಕಡೆಯಿಂದ ಒಂದು ಕಬ್ಬಿಣ ಪರಮಾಣುವಿಗೆ ಸುಮಾರು 0.1 ಎಲೆಕ್ಟ್ರಾನ್ ಮೇಲಿನ ಪದರಕ್ಕೆ ಬರುತ್ತದೆ. ದಪ್ಪ ಹರಳಿನಲ್ಲಿ ಎಲೆಕ್ಟ್ರಾನುಗಳ ಸಂವೇಗದ ನಕ್ಷೆಯ ಕೇಂದ್ರದಲ್ಲಿರುವ ರಂಧ್ರಗಳ (ಎಲೆಕ್ಟ್ರಾನ್ ಇಲ್ಲದ ಖಾಲಿ ಸ್ಥಾನಗಳ) ಪಟ್ಟಿ ಫರ್ಮಿ ಮಟ್ಟದಿಂದ, ಅಂದರೆ ಎಲೆಕ್ಟ್ರಾನುಗಳು ತುಂಬಿರುವ ಗಡಿಯಿಂದ, ಕೆಳಗೆ ಮುಳುಗಿ, ಅಂಚಿನ ಎಲೆಕ್ಟ್ರಾನ್ ಪಟ್ಟಿಗಳು ಮಾತ್ರ ಉಳಿಯುತ್ತವೆ. ಈ ವಿದ್ಯುದಂಶ ಮೊದಲ ಪದರದಲ್ಲೇ ಮುಗಿದುಹೋಗುವುದರಿಂದ ಎರಡನೆಯದಕ್ಕೆ ತಲುಪುವುದು ಕಡಿಮೆ. ಇದಷ್ಟರಿಂದಲೇ ಎಷ್ಟು ಏರುತ್ತದೆ ಎಂಬುದನ್ನು ಬೇರೆ ಪ್ರಯೋಗಗಳು ಬಿಡಿಸಿ ತೋರಿಸಿವೆ. 2015ರಲ್ಲಿ ಮೂರು ಪದರದ ಪೊರೆಯ ಮೇಲೆ ಪೊಟ್ಯಾಸಿಯಮ್ ಸಿಂಪಡಿಸಿದಾಗ 48 ಕೆಲ್ವಿನ್ ಹತ್ತಿರ ಬಂತು. 2016ರಲ್ಲಿ ಸುಮಾರು 10 ನ್ಯಾನೋಮೀಟರ್ ಚಕ್ಕೆಗೆ ಅಯಾನಿಕ್ ದ್ರವದ ಮೂಲಕ ಗೇಟ್ ವೋಲ್ಟೇಜ್ (ವಿದ್ಯುದಂಶ ಸೆಳೆದು ತರುವ ವೋಲ್ಟೇಜ್) ಕೊಟ್ಟಾಗಲೂ ಅಷ್ಟೇ, 48. ಅದೇ ವರ್ಷ ಜಪಾನಿನ ಪ್ರಯೋಗವೊಂದರಲ್ಲಿ ದ್ರವದಿಂದಲೇ ಪೊರೆಯನ್ನು ಪದರ ಪದರವಾಗಿ ಕರಗಿಸಿ ತೆಳುಮಾಡುತ್ತ ಗೇಟ್ ಹಾಕಿದರು. ಹತ್ತು ಪದರದ ಹೊತ್ತಿಗೇ 40 ಕೆಲ್ವಿನ್ ಬಳಿ ಆರಂಭ ಕಂಡಿತು, ಟೈಟನೇಟ್ ಮೇಲೂ ಮೆಗ್ನೀಷಿಯಮ್ ಆಕ್ಸೈಡ್ ಮೇಲೂ. ದಪ್ಪವನ್ನೇ ಮುಟ್ಟದೆ ಪದರಗಳ ನಡುವೆ ಲಿಥಿಯಮ್-ಅಮೋನಿಯಾ ಅಥವಾ ಲಿಥಿಯಮ್-ಕಬ್ಬಿಣದ ಹೈಡ್ರಾಕ್ಸೈಡ್ ಸೇರಿಸಿದ ಗಟ್ಟಿ ಪುಡಿಗಳಲ್ಲೂ 40ರ ಆಸುಪಾಸೇ ಸಿಗುತ್ತದೆ.

ಹಾಗಾದರೆ 8ರಿಂದ 40–48ರವರೆಗಿನ ಏರಿಕೆಗೆ ವಿದ್ಯುದಂಶ ಸಾಕು, ಒಂಟಿ ಪದರವೇ ಬೇಕೆಂದಿಲ್ಲ. ಅಲ್ಲಿಂದ 60ರ ಮೇಲಿನ ಪಾಲಿಗೆ ಟೈಟನೇಟಿನ ಆಕ್ಸಿಜನ್ ಕಂಪನಗಳು ಕಾರಣವೆಂಬ ವಾದವಿದೆ. 2014ರ ಫೋಟೋ-ಎಮಿಷನ್ ಚಿತ್ರಗಳಲ್ಲಿ ಮುಖ್ಯ ಪಟ್ಟಿಯ ಕೆಳಗೆ ಸುಮಾರು 100 ಮಿಲಿ ಎಲೆಕ್ಟ್ರಾನ್‌ವೋಲ್ಟ್ ದೂರದಲ್ಲಿ ಅದರದೇ ಮಸುಕು ಪ್ರತಿಕೃತಿ ಕಂಡದ್ದು ಈ ವಾದದ ಬಲ. ಎಲ್ಲರೂ ಒಪ್ಪಿಲ್ಲ. ಆ ಪ್ರತಿಕೃತಿ ಹೊರಬರುವ ಎಲೆಕ್ಟ್ರಾನು ದಾರಿಯಲ್ಲಿ ಶಕ್ತಿ ಕಳೆದುಕೊಂಡದ್ದರಿಂದಲೂ ಮೂಡಬಹುದು ಎನ್ನುವವರಿದ್ದಾರೆ. ವಿದ್ಯುದಂಶದ ಪಾಲು ಇತ್ಯರ್ಥವಾದ ವಿಷಯ, ಕಂಪನದ ಪಾಲು ಇನ್ನೂ ಚರ್ಚೆಯಲ್ಲಿದೆ ಎಂದು ಪ್ರಾಜೆಕ್ಟಿನ ಪೀಠಿಕೆಯಲ್ಲಿ ಬರೆದರೆ ಯಾವ ಪರೀಕ್ಷಕರೂ ಆಕ್ಷೇಪಿಸಲಾರರು.

65 ಎಂಬ ಸಂಖ್ಯೆಯನ್ನು ಬಳಸುವಾಗ ಒಂದು ಎಚ್ಚರ ಬೇಕು. ಅದು ಶಕ್ತಿ-ಅಂತರ ಮುಚ್ಚುವ ತಾಪ, ರೋಧ ಸೊನ್ನೆಯಾಗುವ ತಾಪವಲ್ಲ. ಒಂಟಿ ಪದರವನ್ನು ನಿರ್ವಾತದಿಂದ ಹೊರಗೆ ತರುವ ಮೊದಲು ಅದರ ಮೇಲೆ ಹತ್ತು ಪದರ ಐರನ್ ಟೆಲ್ಯುರೈಡ್, ಅದರ ಮೇಲೆ ಅಮಾರ್ಫಸ್ ಸಿಲಿಕಾನ್ ಹೊದಿಸಿ ಅಳೆದಾಗ ಇಳಿತ ಶುರುವಾದದ್ದು 40ರ ತುಸು ಮೇಲೆ, ಪೂರ್ತಿ ಸೊನ್ನೆಯಾದದ್ದು 23 ಕೆಲ್ವಿನ್ ಹತ್ತಿರ. ನಿರ್ವಾತದೊಳಗೇ ಅಳೆದರೂ ಸೊನ್ನೆ ಮುಟ್ಟುವುದು 30ರ ಆಸುಪಾಸು. 2015ರಲ್ಲಿ ನಿರ್ವಾತದೊಳಗೆ ನಾಲ್ಕು ಸೂಜಿ ಇಟ್ಟು 100 ಕೆಲ್ವಿನ್‌ಗಿಂತ ಮೇಲೆ ಸೊನ್ನೆ ರೋಧ ಕಂಡೆವೆಂಬ ವರದಿಯೂ ಇದೆ. ಬೇರೆ ತಂಡಗಳ ಅಳತೆಗಳು ಅದಕ್ಕೆ ಜೊತೆ ನೀಡಿಲ್ಲ. ಅದರ ಮೇಲೆ ಏನನ್ನೂ ಕಟ್ಟಬೇಡಿ.

ಅಂತರ ತೆರೆಯುವ ತಾಪಕ್ಕೂ ಸೊನ್ನೆ ರೋಧಕ್ಕೂ ಇಷ್ಟು ಬಿರುಕು ಬರುವುದು ಎರಡು ಆಯಾಮದ ಸಹಜ ಸ್ವಭಾವ. ಜೋಡಿಗಳು ಮೇಲಿನ ತಾಪದಲ್ಲೇ ಕಟ್ಟಿಕೊಳ್ಳುತ್ತವೆ, ಆದರೆ ಅವುಗಳ ತರಂಗ-ಹಂತಗಳು ಪೊರೆಯುದ್ದಕ್ಕೂ ಒಂದಾಗುವುದು ಇನ್ನಷ್ಟು ತಣಿದ ಮೇಲೆ. ಅಲ್ಲಿಯವರೆಗೆ ಸುಳಿಗಳು ಹುಟ್ಟಿ ಓಡಾಡುತ್ತ ರೋಧವನ್ನು ಉಳಿಸುತ್ತವೆ. ಐರನ್ ಸೆಲೆನೈಡಿನಲ್ಲಿ ಕಾಂತಕ್ಷೇತ್ರ ಒಳನುಗ್ಗುವ ಆಳ ಸುಮಾರು 0.4 ಮೈಕ್ರೋಮೀಟರ್. ತೆಳುಪೊರೆಯಲ್ಲಿ ಅದರ ಬದಲಿಗೆ ಪರ್ಲ್ ಉದ್ದ ಬಳಸಬೇಕು: ಆಳದ ವರ್ಗದ ಎರಡರಷ್ಟನ್ನು ದಪ್ಪದಿಂದ ಭಾಗಿಸಿದ್ದು. 5 ನ್ಯಾನೋಮೀಟರ್ ಪೊರೆಗೆ ಅದು 64 ಮೈಕ್ರೋಮೀಟರ್, ನಿಮ್ಮ ಇಡೀ ಚಕ್ಕೆಗಿಂತ ದೊಡ್ಡದು. ಆದ್ದರಿಂದ ಬೆರೆಜಿನ್‌ಸ್ಕಿ-ಕೋಸ್ಟರ್ಲಿಟ್ಜ್-ಥೌಲೆಸ್ ಸಂಕ್ರಮಣದ ಗುರುತು, ಅಂದರೆ ವೋಲ್ಟೇಜು ಕರೆಂಟಿನ ಘನಕ್ಕೆ ತಕ್ಕಂತೆ ಏರುವುದು, ಹುಡುಕಲು ಯೋಗ್ಯ. ಆದರೆ ಚಕ್ಕೆಯ ಒಂದು ಭಾಗ ದಪ್ಪ, ಇನ್ನೊಂದು ತೆಳು ಇದ್ದರೂ, ಕರೆಂಟಿನಿಂದ ಚಕ್ಕೆ ಬಿಸಿಯಾದರೂ ಇದೇ ತರಹದ ವಕ್ರರೇಖೆ ಬರುತ್ತದೆ. ಘಾತ 1ರಿಂದ 3ಕ್ಕೆ ಬರುವ ತಾಪವೂ ರೋಧದ ಬಾಲದಿಂದ ಲೆಕ್ಕ ಹಾಕಿದ ತಾಪವೂ ತಾಳೆಯಾದರೆ ಮಾತ್ರ ಆ ಹೆಸರು ಹಾಕಿ.

ಹಾಳೆಯ ರೋಧವನ್ನೂ ಗಮನಿಸಿ. ಚೌಕಕ್ಕೆ ಇಷ್ಟು ಓಮ್ ಎಂದು ಅಳೆಯುವ ಆ ಸಂಖ್ಯೆ 6.45 ಕಿಲೋಓಮ್ ಸಮೀಪಿಸಿದರೆ ಅವ್ಯವಸ್ಥೆಯೇ ಅತಿವಾಹಕತೆಯನ್ನು ಕೊಲ್ಲುವ ವಲಯಕ್ಕೆ ಬಂದಿರಿ ಎಂದು ತಿಳಿಯಬೇಕು. ಒಳ್ಳೆಯ 10 ನ್ಯಾನೋಮೀಟರ್ ಚಕ್ಕೆಯಲ್ಲಿ ರೋಧಕತೆ 100 ಮೈಕ್ರೋಓಮ್-ಸೆಂಟಿಮೀಟರ್ ಎಂದು ಹಿಡಿದರೆ ಹಾಳೆ ರೋಧ 100 ಓಮ್ ಅಷ್ಟೇ. ನಿಮ್ಮದು ಕಿಲೋಓಮ್‌ಗಳಲ್ಲಿ ಬಂದರೆ ಅದು ದಪ್ಪದ ಭೌತಶಾಸ್ತ್ರವಲ್ಲ, ಹಾಳಾದ ಚಕ್ಕೆ.

ಹಿಗ್ಗು-ಕುಗ್ಗಿನ ಮಾತು. ಟೈಟನೇಟಿನ ಜಾಲಕ 0.3905 ನ್ಯಾನೋಮೀಟರ್, ಸೆಲೆನೈಡಿನದು 0.377. ಹೀಗಾಗಿ ಮೇಲೆ ಬೆಳೆದ ಪದರ ಸುಮಾರು 3.6 ಶೇಕಡದವರೆಗೆ ಎಳೆಸಿಕೊಳ್ಳುತ್ತದೆ, ದಪ್ಪವಾದಂತೆ ಆ ಎಳೆತ ಸಡಿಲವಾಗುತ್ತದೆ. ವಿದ್ಯುದಂಶವಿಲ್ಲದ ಎಳೆತ ಟಿಸಿಗೆ ಒಳ್ಳೆಯದಲ್ಲ, ಅದುಮುವುದು ಒಳ್ಳೆಯದು. ಕ್ಯಾಲ್ಸಿಯಮ್ ಫ್ಲೋರೈಡ್ ಮೇಲೆ ಬೆಳೆಸಿದ ಪೊರೆಗಳು ಸಮತಲದಲ್ಲಿ ಕುಗ್ಗಿ 11–12 ಕೆಲ್ವಿನ್ ಕೊಡುತ್ತವೆ. ತಮಾಷೆಯೆಂದರೆ ಆ ಹರಳಿನ ಅಳತೆಯೂ ಸೆಲೆನೈಡಿಗಿಂತ ದೊಡ್ಡದೇ (5.463 ಆಂಗ್‌ಸ್ಟ್ರಮ್ ಅನ್ನು ವರ್ಗಮೂಲ 2ರಿಂದ ಭಾಗಿಸಿ, 3.86 ಬರುತ್ತದೆ). ಕುಗ್ಗುವುದು ಗಡಿಯಲ್ಲಿ ಸೆಲೆನಿಯಮ್-ಫ್ಲೋರಿನ್ ಅದಲುಬದಲಿನಿಂದ ಮತ್ತು ತಣಿಯುವಾಗಿನ ಸಂಕೋಚನದಿಂದ. ಬರೀ ಜಾಲಕದ ಅಳತೆ ಹೋಲಿಸಿ ಭವಿಷ್ಯ ಹೇಳುವವರು ಇಲ್ಲಿ ಎಡವುತ್ತಾರೆ. ಸೆಲೆನಿಯಮ್-ಟೆಲ್ಯುರಿಯಮ್ ಅರ್ಧರ್ಧ ಇರುವ ಪೊರೆಯನ್ನು ಲ್ಯಾಂಥನಮ್ ಅಲ್ಯುಮಿನೇಟ್ ಮೇಲೆ ಬೆಳೆಸಿದಾಗ ಅತ್ಯುತ್ತಮ ಟಿಸಿ, 21 ಕೆಲ್ವಿನ್, ಸಿಕ್ಕಿದ್ದು ಸುಮಾರು 200 ನ್ಯಾನೋಮೀಟರಿಗೆ. ತೆಳುವಿಗೂ ಅಲ್ಲ, ಬಹಳ ದಪ್ಪಕ್ಕೂ ಅಲ್ಲ. ದಪ್ಪ ಹರಳಿನಲ್ಲಿ ಅದೇ ಮಿಶ್ರಣಕ್ಕೆ 14–15. ಇನ್ನು ನೇರವಾಗಿ ಅದುಮಿದರೆ, 9 ಗಿಗಾಪಾಸ್ಕಲ್ ಹತ್ತಿರ ಐರನ್ ಸೆಲೆನೈಡ್ ಹರಳೇ 37 ಕೆಲ್ವಿನ್ ಮುಟ್ಟುತ್ತದೆ.

ಈಗ ನಿಮ್ಮ ನಿಜವಾದ ಪ್ರಶ್ನೆ: ಎಂಬಿಇ ಇಲ್ಲದೆ ಏನು ಮಾಡಬಹುದು? ಒಂಟಿ ಪದರದ ಆಸೆ ಬಿಡಿ. ಅದಕ್ಕೆ ಟೈಟನೇಟಿನ ಮೇಲ್ಮೈಯನ್ನು ಪರಮಾಣು ಮಟ್ಟದಲ್ಲಿ ಸಮ ಮಾಡಬೇಕು, 400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಬ್ಬಿಣಕ್ಕಿಂತ ಹತ್ತು-ಇಪ್ಪತ್ತು ಪಟ್ಟು ಸೆಲೆನಿಯಮ್ ಹರಿಸಿ ಬೆಳೆಸಬೇಕು, ಆಮೇಲೆ ಅತಿನಿರ್ವಾತದಲ್ಲಿ 450–550 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಬೇಕು. ಆ ಕೊನೆಯ ಕಾಯಿಸುವಿಕೆ ಇಲ್ಲದಿದ್ದರೆ ಪದರ ಇರುತ್ತದೆ, ಅತಿವಾಹಕತೆ ಇರುವುದಿಲ್ಲ. ನಿಮಗೆ ಒಪ್ಪುವ ಕೆಲಸ 10ರಿಂದ 100 ನ್ಯಾನೋಮೀಟರ್ ಚಕ್ಕೆಗಳ ಸರಣಿ, ಮತ್ತು "ಇಳಿತದಲ್ಲಿ ದಪ್ಪದ ಪಾಲೆಷ್ಟು, ಹಾಳಾದದ್ದರ ಪಾಲೆಷ್ಟು" ಎಂಬ ಒಂದೇ ಪ್ರಶ್ನೆ. ಇದು ಚಿಕ್ಕ ಪ್ರಶ್ನೆಯಲ್ಲ.

ಹರಳು ಕೊಳ್ಳಬಹುದು, ಬೆಳೆಸಲೂಬಹುದು. ಬೆಳೆಸುವುದಾದರೆ ಉಪ್ಪಿನ ದ್ರವದ ವಿಧಾನ ಹಿಡಿಯಿರಿ: ಕಬ್ಬಿಣ ಮತ್ತು ಸೆಲೆನಿಯಮ್ 1.1ಕ್ಕೆ 1 ಮೋಲ್, ಪೊಟ್ಯಾಸಿಯಮ್ ಕ್ಲೋರೈಡ್ ಮತ್ತು ಅಲ್ಯುಮಿನಿಯಮ್ ಕ್ಲೋರೈಡ್ 1ಕ್ಕೆ 2 ಮೋಲ್, ನಿರ್ವಾತ ಮಾಡಿ ಮುಚ್ಚಿದ ಕ್ವಾರ್ಟ್ಸ್ ನಳಿಗೆಯಲ್ಲಿ. ಬಿಸಿ ತುದಿ 390–400 ಡಿಗ್ರಿ, ತಣ್ಣನೆಯ ತುದಿ 240, ವಾರಗಟ್ಟಲೆ. ಈ ಕಡಿಮೆ ತಾಪಕ್ಕೆ ಕಾರಣವಿದೆ. ಅತಿವಾಹಕವಾಗುವ ಚೌಕಾಕಾರದ ಹಂತ 457 ಡಿಗ್ರಿಯ ಮೇಲೆ ಉಳಿಯುವುದಿಲ್ಲ. ಕರಗಿಸಿ ಬೆಳೆಸಿದರೆ ಷಟ್ಕೋನದ ಕಾಂತೀಯ ಹಂತ ಬೆರೆಯುತ್ತದೆ. ಕಬ್ಬಿಣದ ಪ್ರಮಾಣವೂ ಕೂದಲೆಳೆಯ ವ್ಯವಹಾರ: ಸೂತ್ರದಲ್ಲಿ ಕಬ್ಬಿಣ 1.01 ಇರುವ ಮಾದರಿ 8.5 ಕೆಲ್ವಿನ್ ಬಳಿ ಅತಿವಾಹಕ, 1.03 ಇರುವುದು 0.6 ಕೆಲ್ವಿನ್‌ವರೆಗೂ ಅಲ್ಲ. ದಪ್ಪದ ಪರಿಣಾಮ ಹುಡುಕುವವರು ಬೇರೆ ಬೇರೆ ತಂಡದ ಹರಳು ಬೆರೆಸಿದರೆ ಸಿಗುವುದು ಈ ವ್ಯತ್ಯಾಸವೇ. ಇಡೀ ಸರಣಿ ಒಂದೇ ಹರಳಿನಿಂದ ಏಳಬೇಕು.

ಅಲ್ಯುಮಿನಿಯಮ್ ಕ್ಲೋರೈಡ್ ತೇವ ಕುಡಿದು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ನಳಿಗೆ ಮುಚ್ಚಿ ಕಾಯಿಸಿದಾಗ ಆ ಅನಿಲದ ಒತ್ತಡಕ್ಕೆ ಕ್ವಾರ್ಟ್ಸ್ ಸಿಡಿಯಬಹುದು. ಆಟಿಯ ಮಳೆಯಲ್ಲಿ ನಮ್ಮ ಕರಾವಳಿಯಲ್ಲಿ ಈ ಉಪ್ಪನ್ನು ತೆರೆದ ಗಾಳಿಯಲ್ಲಿ ತೂಗುವುದು ಬೇಡವೇ ಬೇಡ. ಗ್ಲೋವ್‌ಬಾಕ್ಸಿನೊಳಗೆ (ಗಾಳಿ, ತೇವ ಇಲ್ಲದ ಮುಚ್ಚಿದ ಪೆಟ್ಟಿಗೆಯೊಳಗೆ) ತೂಗಿ, ಕವಾಟ ಹಾಕಿಯೇ ಹೊರತನ್ನಿ. ಮುಚ್ಚುವಾಗ ನಳಿಗೆಯ ಬುಡ ತಣ್ಣಗಿರಲಿ, ಈ ಉಪ್ಪು 180 ಡಿಗ್ರಿಗೇ ಆವಿಯಾಗಿ ಪಂಪಿಗೆ ಹೋಗುತ್ತದೆ. ಕೊನೆಗೆ ಉಪ್ಪನ್ನು ನೀರಿನಲ್ಲಿ ತೊಳೆಯಿರಿ, ಆಮೇಲೆ ಎಥನಾಲ್, ಕೂಡಲೇ ನಿರ್ವಾತದಲ್ಲಿ ಒಣಗಿಸಿ. ಆಮ್ಲದಲ್ಲಿ ತೊಳೆಯಲೇಬಾರದು. ಸೆಲೆನೈಡಿಗೆ ಆಮ್ಲ ತಾಗಿದರೆ ಹೈಡ್ರೋಜನ್ ಸೆಲೆನೈಡ್ ಎಂಬ ಮಾರಕ ಅನಿಲ ಬರುತ್ತದೆ. ಎಲ್ಲವೂ ಫ್ಯೂಮ್‌ಹುಡ್ ಒಳಗೇ. ಕುಲುಮೆಗೆ ಯುಪಿಎಸ್ ಇರಲಿ: ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗಲೆಲ್ಲ ಎರಡು ತುದಿಗಳ ತಾಪ ಅಂತರ ಕೆಟ್ಟು, ಒಳ್ಳೆಯ ತಗಡುಗಳ ಬದಲು ಪುಡಿಹರಳು ಸಿಗುತ್ತದೆ.

ಚಕ್ಕೆ ಎಬ್ಬಿಸುವುದು ಆಮ್ಲಜನಕ ಮತ್ತು ನೀರು ಎರಡೂ 1 ಪಿಪಿಎಂಗಿಂತ ಕಡಿಮೆ ಇರುವ ಗ್ಲೋವ್‌ಬಾಕ್ಸಿನಲ್ಲಿ. ಟೇಪಿನಿಂದ ತೆಗೆದು ಪಿಡಿಎಂಎಸ್ ಎಂಬ ಮೃದು ಸಿಲಿಕೋನ್ ಹಾಳೆಗೆ, ಅಲ್ಲಿಂದ ಮೊದಲೇ ಚಿನ್ನದ ಎಲೆಕ್ಟ್ರೋಡು ಹಾಕಿಟ್ಟ ಸಿಲಿಕಾನ್ ಆಕ್ಸೈಡ್ ಚಿಪ್ ಮೇಲೆ ನಿಧಾನವಾಗಿ ಒತ್ತಿ ಬಿಡಿ. 50–60 ಡಿಗ್ರಿ ಸಾಕು. ಚಕ್ಕೆಯ ಮೇಲೆ ಲಿಥೋಗ್ರಫಿ (ಎಲೆಕ್ಟ್ರೋಡಿನ ವಿನ್ಯಾಸ ಮೂಡಿಸುವುದು) ಮಾಡುವ ಹಳೆಯ ದಾರಿಯಲ್ಲಿ ರೆಸಿಸ್ಟ್ ಎಂಬ ಲೇಪವನ್ನು 180 ಡಿಗ್ರಿಗೆ ಕಾಯಿಸುತ್ತಾರೆ, ತೆಳು ಸೆಲೆನೈಡಿಗೆ ಅದು ಮೃತ್ಯು. ಎಲೆಕ್ಟ್ರೋಡಿನ ದಪ್ಪ ಚಕ್ಕೆಗಿಂತ ಬಹಳ ಹೆಚ್ಚಿದ್ದರೆ ಅಂಚಿನಲ್ಲಿ ಚಕ್ಕೆ ಬಾಗಿ ಸೀಳುತ್ತದೆ. 10 ನ್ಯಾನೋಮೀಟರ್ ಚಕ್ಕೆಗೆ 3 ನ್ಯಾನೋಮೀಟರ್ ಟೈಟಾನಿಯಮ್, 15 ಚಿನ್ನ ದಾಟಬೇಡಿ. ಕೂಡಲೇ ಮೇಲೆ 10–20 ನ್ಯಾನೋಮೀಟರ್ ಬೋರಾನ್ ನೈಟ್ರೈಡ್ ಹೊದಿಸಿ, ಎಲ್ಲ ಅಂಚುಗಳನ್ನೂ ದಾಟುವಷ್ಟು ಅಗಲದ್ದು. ಅಂಚು ಮುಚ್ಚದ ಹೊದಿಕೆ ಹೊದಿಕೆಯಲ್ಲ, ತೇವ ಬದಿಯಿಂದಲೇ ನುಗ್ಗುತ್ತದೆ. ಗ್ಲೋವ್‌ಬಾಕ್ಸ್ ಸಿಗದಿದ್ದರೆ 50 ನ್ಯಾನೋಮೀಟರಿಗಿಂತ ಕೆಳಗೆ ಇಳಿಯಬೇಡಿ. ಆ ದಪ್ಪದಲ್ಲಿ ಮೇಲ್ಮೈ ಹಾಳಾದರೂ ಒಳಗಿನದು ಬಹುಪಾಲು ಉಳಿದಿರುತ್ತದೆ.

ದಪ್ಪ ಅಳೆಯುವುದು ಕೊನೆಯಲ್ಲಿ, ಎಎಫ್‌ಎಂನಿಂದ (ಸೂಜಿಮೊನೆಯಿಂದ ಎತ್ತರ ಅಳೆಯುವ ಸೂಕ್ಷ್ಮದರ್ಶಕ). ಮೊದಲಿಗೆ ಸೂಕ್ಷ್ಮದರ್ಶಕದ ಬಣ್ಣದಿಂದ ಅಂದಾಜು ಮಾಡಿದರೆ ಸಾಕು. ಹೊದಿಕೆಯ ಎತ್ತರ ಕಳೆಯಲು ಮರೆಯಬೇಡಿ. ಎಎಫ್‌ಎಂ ತೋರಿಸುವುದು ಒಟ್ಟು ಎತ್ತರ, ಅತಿವಾಹಕವಾಗುವ ಎತ್ತರವಲ್ಲ. ಸತ್ತ ಪದರದ ದಪ್ಪ ತಿಳಿಯಲು ಸುಲಭ ಉಪಾಯವಿದೆ: ಎಲ್ಲ ಚಕ್ಕೆಗಳ ಹಾಳೆ ವಾಹಕತೆಯನ್ನು (ಹಾಳೆ ರೋಧದ ವಿಲೋಮ) 15 ಕೆಲ್ವಿನ್‌ನಲ್ಲಿ ತೆಗೆದು ಎಎಫ್‌ಎಂ ದಪ್ಪದ ಎದುರು ನಕ್ಷೆ ಹಾಕಿ. ನೇರ ಗೆರೆ ಬಂದರೆ ಅದು ದಪ್ಪದ ಅಕ್ಷವನ್ನು ಕಡಿಯುವ ಬಿಂದುವೇ ಸತ್ತ ದಪ್ಪ. 4 ನ್ಯಾನೋಮೀಟರ್ ಬಂದರೆ ನಿಮ್ಮ 10 ನಿಜಕ್ಕೆ 6. ತೆಳು ಚಕ್ಕೆಗಳು ಮಾತ್ರ ಗೆರೆಯಿಂದ ಕೆಳಗೆ ಬಾಗಿದರೆ ಅವುಗಳಲ್ಲಿ ಚದುರುವಿಕೆ ಹೆಚ್ಚಿದೆ ಎಂದು ಓದಿ.

ಅಳತೆಗೆ ನಾಲ್ಕು ತಂತಿಯೇ ಬೇಕು, ಎರಡರಲ್ಲಿ ಮಾಡಿದರೆ ಸಂಪರ್ಕದ ರೋಧ ಎಲ್ಲವನ್ನೂ ನುಂಗುತ್ತದೆ. ಕರೆಂಟಿನ ಲೆಕ್ಕ ಹಾಕಿಕೊಳ್ಳಿ: 5 ಮೈಕ್ರೋಮೀಟರ್ ಅಗಲ, 10 ನ್ಯಾನೋಮೀಟರ್ ದಪ್ಪದ ಚಕ್ಕೆಯಲ್ಲಿ 10 ಮೈಕ್ರೋಆಂಪಿಯರ್ ಹರಿದರೆ ಚದರ ಸೆಂಟಿಮೀಟರಿಗೆ 20,000 ಆಂಪಿಯರ್ ಆಯಿತು. ಕರೆಂಟೇ ಅತಿವಾಹಕತೆಯನ್ನು ಮುರಿದು, ತೆಳುವಾದಂತೆ ಟಿಸಿ ಇಳಿದಂತೆ ಕಾಣಿಸುವ ಸುಳ್ಳು ನಕ್ಷೆ ಹೀಗೆ ಹುಟ್ಟುತ್ತದೆ. 1 ಮೈಕ್ರೋಆಂಪಿಯರ್ ಅಥವಾ ಅದಕ್ಕೂ ಕಡಿಮೆ ಇಡಿ, ಲಾಕ್-ಇನ್‌ನಲ್ಲಿ (ಒಂದೇ ಆವರ್ತನದ ಸಣ್ಣ ಸಂಕೇತವನ್ನು ಹೆಕ್ಕಿ ಅಳೆಯುವ ಉಪಕರಣ) 13 ಅಥವಾ 17 ಹರ್ಟ್ಸ್ ಆರಿಸಿ, ಕರೆಂಟನ್ನು ಅರ್ಧ ಮಾಡಿದಾಗ ಟಿಸಿ ಅಲ್ಲಾಡದಿದ್ದರೆ ಸರಿ. 15 ಕೆಲ್ವಿನ್‌ನಿಂದ ಕೆಳಗೆ ನಿಮಿಷಕ್ಕೆ ಅರ್ಧ ಕೆಲ್ವಿನ್‌ಗಿಂತ ವೇಗ ಬೇಡ. ತಣಿಯುವಾಗಿನ ಗೆರೆಯೂ ಬಿಸಿಯಾಗುವಾಗಿನ ಗೆರೆಯೂ 0.05 ಕೆಲ್ವಿನ್ ಒಳಗೆ ಒಂದರ ಮೇಲೊಂದು ಕೂರಬೇಕು.

ಪ್ರತಿ ಚಕ್ಕೆಯಲ್ಲಿ 90 ಕೆಲ್ವಿನ್ ಹತ್ತಿರದ ತಿರುವನ್ನು ನೋಡಿ. ಅಲ್ಲಿ ಹರಳಿನ ಚೌಕ ಸ್ವಲ್ಪ ಆಯತವಾಗುತ್ತದೆ, ರೋಧದ ಇಳಿಜಾರಿನಲ್ಲಿ ಅದು ಸ್ಪಷ್ಟ. ಈ ತಿರುವು ಬಿಟ್ಟಿ ಸಿಗುವ ಸಾಕ್ಷಿ: ಜಾಗದಲ್ಲೇ ಇದ್ದು ಟಿಸಿ ಮಾತ್ರ ತುಸು ಇಳಿದರೆ ದಪ್ಪದ ಮಾತಾಡಬಹುದು. ತಿರುವೇ ಸರಿದರೆ ಚಕ್ಕೆ ಎಳೆಸಿಕೊಂಡಿದೆ, ಮಸುಕಾದರೆ ಸಂಯೋಜನೆ ಕೆಟ್ಟಿದೆ ಎಂಬ ಶಂಕೆ ಮೊದಲು ಬರಬೇಕು.

ಪಲ್ಸ್ ಲೇಸರ್ ಯಂತ್ರ (ಲೇಸರ್ ಮಿಡಿತಗಳಿಂದ ವಸ್ತುವನ್ನು ಆವಿ ಮಾಡಿ ಪೊರೆ ಹಾಕುವುದು) ಸಿಗುವುದಾದರೆ ಪೊರೆ ಬೆಳೆಸಲೂಬಹುದು, ಆದರೆ ತಾಪವನ್ನು ಗಮನದಲ್ಲಿಡಿ. ಮೆಗ್ನೀಷಿಯಮ್ ಆಕ್ಸೈಡ್ ಮೇಲೆ 320 ಡಿಗ್ರಿಯಲ್ಲಿ ಬೆಳೆದ ಪೊರೆಗಳಲ್ಲಿ ತೆಳುವಾದಂತೆ ಟಿಸಿ ಜೋರಾಗಿ ಇಳಿಯುತ್ತದೆ, 500 ಡಿಗ್ರಿಯಲ್ಲಿ ಬೆಳೆದವು ಬೇರೆ ದಿಕ್ಕಿಗೆ ಮುಖ ಮಾಡಿ ಬೆಳೆದು ಅಷ್ಟು ಇಳಿಯುವುದಿಲ್ಲ ಎಂದು 2009ರಲ್ಲೇ ತೈವಾನಿನ ತಂಡ ತೋರಿಸಿದೆ. ದಪ್ಪ ಒಂದೇ, ಉತ್ತರ ಎರಡು.

ಹೀಲಿಯಮ್ ತಾಪದ ಅಳತೆಗೆ ಹತ್ತಿರದಲ್ಲಿ ಸೌಕರ್ಯ ಸಿಗದಿದ್ದರೆ ಇಂದೋರಿನ ಯುಜಿಸಿ-ಡಿಎಇ ಕೇಂದ್ರವನ್ನು ಮಾರ್ಗದರ್ಶಕರ ಮೂಲಕ ಕೇಳಿ, ವಿಶ್ವವಿದ್ಯಾಲಯಗಳವರಿಗಾಗಿಯೇ ಇರುವ ಸಂಸ್ಥೆ ಅದು. ಚಿಪ್‌ಗಳನ್ನು ಆರ್ಗಾನ್ ತುಂಬಿ ಮುಚ್ಚಿದ ಡಬ್ಬಿಯಲ್ಲಿ, ಅದನ್ನು ಸಿಲಿಕಾ ಜೆಲ್ ಹಾಕಿದ ಎರಡನೇ ಚೀಲದಲ್ಲಿಟ್ಟು ಒಯ್ಯಿರಿ. ಹೊರಡುವ ಮೊದಲು ಕೋಣೆಯ ತಾಪದಲ್ಲಿ ಪ್ರತಿ ಚಕ್ಕೆಯ ರೋಧ ಬರೆದಿಡಿ, ತಲುಪಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಐದು ಶೇಕಡಕ್ಕಿಂತ ಹೆಚ್ಚು ಏರಿದ ಚಕ್ಕೆಯನ್ನು ದಪ್ಪದ ನಕ್ಷೆಯಲ್ಲಿ ಸೇರಿಸಬೇಡಿ, ಹಾಳಾದವುಗಳ ಬೇರೆ ನಕ್ಷೆಯಲ್ಲಿ ಹಾಕಿ. ಟಿಸಿ ಕಾಲಂ ಒಂದಲ್ಲ, ಮೂರು ಇರಲಿ: ಇಳಿತದ ಆರಂಭ, ನಡುಬಿಂದು, ಸೊನ್ನೆ.